ವಿಧವೆಗೆ ಅವಸರವೇಕೆ?

ಐತಿಹಾಸಿಕ ಕಾದಂಬರಿಯಲ್ಲಿ ದೇಸಾಯಿಯೊಬ್ಬ ವಿಧವೆಗೆ ಮನಸೋತನೆಂದರೆ ಹತ್ತು ಪುಟದೊಳಗೆ ಅವಳು ಒಲಿಯಬೇಕು, ಇಲ್ಲವೆ ಹೊಳೆಗೆ ಹಾರಬೇಕು! ಕಥೆ ನಿಧಾನವಾದರೆ 'ಬರಿಯ ಎಳೆದಾಟ' ಎಂದು ಮೂಗು ಮುರಿಯುತ್ತೇವೆ. ಇದು ಅವಳ ಲೆಕ್ಕವರಿಯದವರ ತಕರಾರು.

ಮಲಪ್ರಭೆಯ ದಂಡೆಯ ಹೊಳೆಮಣ್ಣೂರನ್ನೇ ನೆನೆಯಿರಿ. ಈ ಎರೆಹೊಲದ ಸೀಮೆಯ ಎಷ್ಟೋ ಒಕ್ಕಲು ಮನೆತನಗಳಲ್ಲಿ ಉಡಿಕೆಯಿತ್ತು. ಗಂಡ ಸತ್ತವಳು ಇನ್ನೊಬ್ಬ ಕೊಟ್ಟ ಸೀರೆಯುಟ್ಟು ಅವನ ಮನೆ ಸೇರಬಹುದಿತ್ತು. ಆದರೆ ಮದುವೆಯ ಹಂದರದಲ್ಲಿ ಆರತಿ ಹಿಡಿಯುವ ಮಾನ ಅವಳಿಗಿರಲಿಲ್ಲ. 1856ರ ವಿಧವಾ ಪುನರ್ವಿವಾಹ ಕಾಯದೆಯೂ ಕೊಟ್ಟ ಹಾಗೆ ಮಾಡಿ ಕಸಿದುಕೊಂಡಿತು: ಮರುಮದುವೆಯಾದೊಡನೆ ಸತ್ತ ಗಂಡನ ಆಸ್ತಿಯ ಹಕ್ಕು ಹೋಯಿತು. ಮುಂದೆ ನಿಂತು ತನ್ನ ಹೊಲ ಬಿತ್ತಿಸುವ, ಯಾರ ಹಂಗೂ ಇಲ್ಲದ ಹೆಣ್ಣು ದೇಸಾಯರ ವಾಡೆಯತ್ತ ಹೆಜ್ಜೆಯಿಡುವ ಮುನ್ನ ನಾಲ್ಕು ಮಳೆಗಾಲ ಯೋಚಿಸಿದರೆ ಅದು ಕಾದಂಬರಿಕಾರನ ಸೋಮಾರಿತನವೆ? ದೇಸಾಯರು ಕಳೆದುಕೊಳ್ಳುವುದಾದರೂ ಏನು? ಹೆಚ್ಚೆಂದರೆ ನಾಲ್ಕು ದಿನದ ನಿದ್ದೆ.

ಅವಸರದ ಕಥೆಯೇ ಬೇಕೆಂದರೆ ಬಿದನೂರಿನ ವಿಧವೆ ರಾಣಿ ವೀರಮ್ಮಾಜಿ ಇದ್ದಾಳೆ. 1763ರಲ್ಲಿ ಹೈದರನಿಗೆ ರಾಜ್ಯ ಸೋತ ಅವಳ ಹೆಸರಿಗೆ ನಿಂಬಯ್ಯನ ಹೆಸರನ್ನು ಗಂಟುಹಾಕಿ ಇಂಗ್ಲಿಷ್ ಚರಿತ್ರಕಾರರು ಒಂದೆರಡು ಸಾಲಿನಲ್ಲಿ ಕೈತೊಳೆದುಕೊಂಡರು. ಅಲ್ಲಿ ಎಳೆದಾಟವಿಲ್ಲ, ನಿಜ. ಅವಳ ಮನಸ್ಸೂ ಇಲ್ಲ.