ಮಾಲ್ಗುಡಿಯ ಅಗಲಿದವರು ಮತ್ತು ನಾನು ಮರೆತ ಒಂದು ಹೆಸರು

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಹೊರಟವರಿಗೆ ಆನಗೋಡು ಎಂಬ ಊರು ಸಿಗುತ್ತದೆ. ಬಸ್ಸು ಆ ಊರನ್ನು ದಾಟುವಾಗ ನನ್ನ ವಯಸ್ಸಿನವರು ಹಲವರು ಒಂದು ಕ್ಷಣ ಮಾತು ನಿಲ್ಲಿಸುವುದನ್ನು ನಾನು ಕಂಡಿದ್ದೇನೆ. 1990ರ ಸೆಪ್ಟೆಂಬರ್ 30ರ ಭಾನುವಾರ ಶಂಕರ್ ನಾಗ್ ಅವರು ಕಾರು ಅಪಘಾತದಲ್ಲಿ ತೀರಿಕೊಂಡದ್ದು ಅಲ್ಲಿಯೇ. ಅವರಿಗೆ ಆಗ ಇನ್ನೂ ಮೂವತ್ತಾರು ತುಂಬಿರಲಿಲ್ಲ. ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕೆಂದು ಹೊರಟಿದ್ದರು. ಜೊತೆಯಲ್ಲಿದ್ದ ಪತ್ನಿ ಅರುಂಧತಿ ನಾಗ್ ಮತ್ತು ಪುಟ್ಟ ಮಗಳು ಗಾಯಗೊಂಡು ಬದುಕಿ ಉಳಿದರು.

ನಾನು ಆಗ ದಾವಣಗೆರೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ದಿನವೂ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಬರುತ್ತಿದ್ದ ಹೊಸ ಮೇಷ್ಟರು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ದಸರೆಯ ಸಡಗರ ಇನ್ನೂ ಆರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಬೀದಿಗೆ ಹಬ್ಬಿತು. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ನಮ್ಮ ಮನೆಯ ಯಜಮಾನರು ಕೂಡ ಜಗುಲಿಯ ಮೇಲೆ ಕುಳಿತು, “ನಮ್ಮೂರ ಬಾಗಿಲಲ್ಲೇ ಹೀಗಾಗಬೇಕಿತ್ತೇ?” ಎಂದು ಹಲುಬಿದರು. ರಜೆ ಮುಗಿದು ಶಾಲೆ ತೆರೆದ ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ: “ಸಾರ್, ಕಾರಿನಲ್ಲಿ ಸ್ವಾಮಿನೂ ಇದ್ದನಾ?”

ಅವನಿಗೆ ಶಂಕರ್ ನಾಗ್ ಎಂದರೆ ‘ಮಾಲ್ಗುಡಿ ಡೇಸ್’. ಮಾಲ್ಗುಡಿ ಎಂದರೆ ಸ್ವಾಮಿ. ಸ್ವಾಮಿಯ ಪಾತ್ರ ಮಾಡಿದ್ದ ಮಾಸ್ಟರ್ ಮಂಜುನಾಥ್ ಕ್ಷೇಮವಾಗಿದ್ದಾನೆ ಎಂದು ಹೇಳಿದಾಗ ಇಡೀ ತರಗತಿಯೇ ಉಸಿರು ಬಿಟ್ಟಿತು.

ಈಗಿನ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಆರ್. ಕೆ. ನಾರಾಯಣ್ ಅವರು ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು ಆಧರಿಸಿ ಟಿ. ಎಸ್. ನರಸಿಂಹನ್ ನಿರ್ಮಿಸಿದ, ಶಂಕರ್ ನಾಗ್ ನಿರ್ದೇಶಿಸಿದ ಧಾರಾವಾಹಿ ಅದು. 1986-87ರ ಸುಮಾರಿಗೆ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದಿತು. ಕಥೆ ಇಂಗ್ಲಿಷಿನದು, ಮಾತು ಹಿಂದಿಯದು. ಆದರೆ ಚಿತ್ರಿಸಿದ ಊರು ನಮ್ಮ ಮಲೆನಾಡಿನ ಆಗುಂಬೆ, ನಟಿಸಿದವರಲ್ಲಿ ಬಹುಮಂದಿ ಕನ್ನಡದವರು. ಹೀಗೆ ದೇಶಕ್ಕೆಲ್ಲ ಸೇರಿದ ಒಂದು ಊರು ಕನ್ನಡ ನೆಲದ ಮೇಲೆ ಎದ್ದು ನಿಂತಿತು.

ಆ ಊರಿನವರು ಈಗ ಒಬ್ಬೊಬ್ಬರಾಗಿ ಹೊರಟುಹೋಗಿದ್ದಾರೆ. ಊರನ್ನು ಕಲ್ಪಿಸಿದ ನಾರಾಯಣ್ 2001ರ ಮೇ 13ರಂದು ಚೆನ್ನೈನಲ್ಲಿ ತೀರಿಕೊಂಡರು. ಅವರ ತಂದೆ ಹೆಡ್‌ಮಾಸ್ಟರರಾಗಿದ್ದವರು. ಅವರೂ ಕೆಲವು ದಿನ ಮೇಷ್ಟರ ಕೆಲಸ ಮಾಡಿ, ಒಗ್ಗದೆ ಬಿಟ್ಟು ಬಂದವರು. ರಾಜ್ಯಸಭೆಯ ನಾಮಕರಣಗೊಂಡ ಸದಸ್ಯರಾಗಿದ್ದಾಗ ಅವರು ಮಾತನಾಡಿದ್ದು ಶಾಲಾ ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಚೀಲದ ಭಾರದ ಬಗ್ಗೆ. ಸ್ವಾಮಿಯನ್ನು ಸೃಷ್ಟಿಸಿದ ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೂ ಅವರು ಸ್ವಾಮಿಯ ಪಕ್ಷವನ್ನೇ ವಹಿಸಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಚೀಲಗಳನ್ನು ನೋಡಿದ ನನಗೆ ಆ ಒಂದು ಭಾಷಣ ಅವರ ಯಾವ ಕಾದಂಬರಿಗೂ ಕಡಿಮೆಯಾಗಿ ಕಾಣುವುದಿಲ್ಲ.

ಧಾರಾವಾಹಿಗೆ ರೇಖಾಚಿತ್ರಗಳನ್ನು ಬರೆದುಕೊಟ್ಟ ಅವರ ತಮ್ಮ ಆರ್. ಕೆ. ಲಕ್ಷ್ಮಣ್ 2015ರ ಗಣರಾಜ್ಯೋತ್ಸವದ ದಿನವೇ ಪುಣೆಯಲ್ಲಿ ಕಣ್ಣು ಮುಚ್ಚಿದರು. ಇಂದಿಗೂ ಮೊಬೈಲುಗಳಲ್ಲಿ ಮೊಳಗುವ ಆ ಶೀರ್ಷಿಕೆಯ ರಾಗವನ್ನು ಕೊಟ್ಟವರು ಎಲ್. ವೈದ್ಯನಾಥನ್. ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರ ಅಣ್ಣ. ಮಾತೇ ಇಲ್ಲದ ‘ಪುಷ್ಪಕ ವಿಮಾನ’ ಚಿತ್ರಕ್ಕೆ ಸಂಗೀತ ಕೊಟ್ಟವರೂ ಇವರೇ. 2007ರ ಮೇ ತಿಂಗಳಲ್ಲಿ ತೀರಿಕೊಂಡರು. ರಾಗವನ್ನು ಗುನುಗುವ ನೂರು ಜನರನ್ನು ಕೇಳಿ ನೋಡಿ, ಅವರ ಹೆಸರು ಹೇಳುವವರು ಎಷ್ಟು ಮಂದಿ ಸಿಗುತ್ತಾರೆ?

ಆಗುಂಬೆಯ ಮಳೆ-ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದ ಎಸ್. ರಾಮಚಂದ್ರ ‘ಘಟಶ್ರಾದ್ಧ’ದಂಥ ಚಿತ್ರದ ಛಾಯಾಗ್ರಾಹಕರು. ಅವರು 2011ರಲ್ಲಿ ಹೋದರು. ಸ್ವಾಮಿಯ ತಾಯಿಯಾಗಿದ್ದ ವೈಶಾಲಿ ಕಾಸರವಳ್ಳಿ 2010ರ ಸೆಪ್ಟೆಂಬರ್ 27ರಂದು ಅಗಲಿದರು. ನಟಿಯಾಗಿ, ಧಾರಾವಾಹಿಗಳ ನಿರ್ದೇಶಕಿಯಾಗಿ ಅವರನ್ನು ಬಲ್ಲವರು ಅನೇಕರು. ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು ಎಂಬುದು ಎಷ್ಟು ಜನಕ್ಕೆ ತಿಳಿದಿದೆ? ಸ್ವಾಮಿಯ ತಂದೆಯಾಗಿದ್ದ ಗಿರೀಶ ಕಾರ್ನಾಡರು 2019ರ ಜೂನ್ 10ರಂದು ಹೊರಟರು. 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ಶಂಕರ್ ನಾಗ್ ಎಂಬ ಹುಡುಗನನ್ನು ಪರದೆಗೆ ತಂದವರು ಕಾರ್ನಾಡರು. ಕೆಲವೇ ವರ್ಷಗಳಲ್ಲಿ ಆ ಹುಡುಗನ ನಿರ್ದೇಶನದಲ್ಲಿ ಒಂದು ಪಾತ್ರವಾಗಿ ನಿಂತರು. ಶಿಷ್ಯನ ಮುಂದೆ ಗುರು ಹೀಗೆ ನಿಲ್ಲುವುದು ಸುಲಭವಲ್ಲ ಎಂಬುದನ್ನು ಮೇಷ್ಟರಾದವರು ಬಲ್ಲರು.

ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನ ಕಥೆಯಲ್ಲಿ ವಿಷ್ಣುವರ್ಧನ್ ನಟಿಸಿದ್ದರು. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟು, ಕಚೇರಿಯಿಂದ ಬಿಡುಗಡೆ ಸಿಗದೆ, ಮನೆಗೆ ಬರುವಷ್ಟರಲ್ಲಿ ಮಗು ಮಲಗಿಬಿಟ್ಟಿರುತ್ತದೆ. ಅಷ್ಟು ದೊಡ್ಡ ನಾಯಕನಟ ಆ ಸಣ್ಣ ಗುಮಾಸ್ತನೊಳಗೆ ಅಡಗಿಹೋಗಿದ್ದರು. ಅವರೂ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಅಗಲಿದರು.

ಇಷ್ಟು ಬರೆದ ಮೇಲೆ ಒಂದು ಹಳೆಯ ನೆನಪನ್ನು ಹೇಳಿಕೊಳ್ಳಲೇಬೇಕು.

ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಜವಾನರೊಬ್ಬರಿದ್ದರು. ದಾವಣಗೆರೆಯಲ್ಲಿ ನಮ್ಮ ಬೀದಿಯ ಹಿಂದೆಯೇ ಅವರ ಮನೆ. ಟಿ.ವಿ. ಇರಲಿಲ್ಲ. ಮಾಲ್ಗುಡಿ ಬರುವ ದಿನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನಾನು ಕಥೆ ಮುಗಿದೊಡನೆ ಟಿ.ವಿ. ಆರಿಸಲು ಏಳುತ್ತಿದ್ದೆ. ಅವರು ತಡೆಯುತ್ತಿದ್ದರು. “ಮೇಷ್ಟ್ರೇ, ಹೆಸರುಗಳು ಬರ್ತಾ ಇದಾವೆ, ಓದಿ ಹೇಳಿ” ಎನ್ನುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಹಿಂದಿಯೂ ಬಾರದು. ನಾನು ಓದುತ್ತಿದ್ದೆ: ಛಾಯಾಗ್ರಹಣ ಇವರದು, ಸಂಗೀತ ಇವರದು. ಒಮ್ಮೆ ಅವರು ಕೇಳಿದರು, “ಸ್ವಾಮಿಯ ಶಾಲೇಲಿ ಗಂಟೆ ಹೊಡೆದವರ ಹೆಸರು ಬಂತಾ?” ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ವರ್ಷಗಳು ಉರುಳಿದವು. ಅವರು ನಿವೃತ್ತರಾದರು, ಕೆಲವು ವರ್ಷಗಳ ಬಳಿಕ ತೀರಿಕೊಂಡರು. ನನ್ನ ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ನಡುವೆ ನಿಂತು ಅರ್ಧ ಗಂಟೆ ಮಾತನಾಡಿದೆ. ಮುಖ್ಯೋಪಾಧ್ಯಾಯರನ್ನು, ಸಹೋದ್ಯೋಗಿಗಳನ್ನು, ಆಡಳಿತ ಮಂಡಳಿಯನ್ನು, ರ್‍ಯಾಂಕ್ ಪಡೆದ ವಿದ್ಯಾರ್ಥಿಗಳನ್ನು ಸ್ಮರಿಸಿದೆ. ಸಭೆ ಮುಗಿದ ಮೇಲೆ ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬಳು ಬಂದು ನಮಸ್ಕರಿಸಿದಳು. ಅವರ ಹಿರಿಯ ಮಗಳು. “ಅಪ್ಪನ ಹೆಸರು ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ ಸಾರ್” ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಹಾಗೆ ಇದ್ದಿದ್ದರೆ ನನಗೆ ಉತ್ತರಿಸಲು ಸುಲಭವಾಗುತ್ತಿತ್ತು. ಎಷ್ಟೋ ವರ್ಷ ನನ್ನ ದಿನವನ್ನು ಹೊತ್ತುಹೊತ್ತಿಗೆ ಹಂಚಿಕೊಟ್ಟ ಕೈಯನ್ನು ನಾನು ಮರೆತಿದ್ದೆ.

ಅಂದಿನಿಂದ ಈ ವಿಷಯ ನನ್ನನ್ನು ಕಾಡುತ್ತಿದೆ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಧಾರಾವಾಹಿ 1966ರಲ್ಲಿ ಆರಂಭವಾಗಿ ಮೂರೇ ಆವೃತ್ತಿಗಳಲ್ಲಿ ನಿಂತುಹೋಯಿತು. ಅದರ ಅಭಿಮಾನಿಗಳು ಇಂದಿಗೂ ಅಗಲಿದವರನ್ನು ಸ್ಮರಿಸುತ್ತಾರೆ. ಸೃಷ್ಟಿಕರ್ತ ಜೀನ್ ರಾಡನ್‌ಬೆರಿ 1991ರಲ್ಲಿ, ನೌಕೆಯ ಎಂಜಿನಿಯರ್ ಪಾತ್ರದ ಜೇಮ್ಸ್ ಡೂಹನ್ 2005ರಲ್ಲಿ, ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೊಯ್ 2015ರಲ್ಲಿ, ಸಂಪರ್ಕಾಧಿಕಾರಿಯಾಗಿದ್ದ ನಿಶೆಲ್ ನಿಕೋಲ್ಸ್ 2022ರಲ್ಲಿ ತೀರಿಕೊಂಡರು. ನಾಯಕನ ಪಕ್ಕದಲ್ಲಿ ನಿಂತವರಿಗೂ ಅಲ್ಲಿ ಒಂದು ಸಾಲು ಮೀಸಲಿದೆ.

ನಾವು ಮರೆಯುವ ಜನ ಎಂದು ನಾನು ಹೇಳುತ್ತಿಲ್ಲ. ನಮ್ಮ ನಾಡಿನ ಆಟೋಗಳ ಮೇಲೆ ಶಂಕರ್ ನಾಗ್ ಅವರ ಚಿತ್ರ ಇಂದಿಗೂ ಓಡಾಡುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ‘ರಂಗಶಂಕರ’ ತೆರೆಯಿತು. ಮಾಲ್ಗುಡಿಯ ನಿಲ್ದಾಣವಾಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ವಸ್ತುಸಂಗ್ರಹಾಲಯವಾಗಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ನಾವು ಪ್ರೀತಿಸುವುದು ಒಂದು ಮುಖವನ್ನು. ಒಂದು ಕೃತಿಯನ್ನು ಕಟ್ಟಿದ ಹತ್ತಾರು ಕೈಗಳನ್ನು ಹೆಸರು ಹಿಡಿದು ನೆನೆಯುವ ಅಭ್ಯಾಸ ನಮಗಿನ್ನೂ ಬಂದಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪೆನಿಯನ್ನು ಸಾಕಿದ ದಾವಣಗೆರೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಪರದೆ ಎಳೆಯುವವನು, ಸೀನರಿ ಬರೆಯುವವನು, ಹಾರ್ಮೋನಿಯಂ ಮೇಷ್ಟರು ಇಲ್ಲದೆ ನಾಟಕವಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡವರು.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ. ಪ್ರತಿವರ್ಷ ಸೆಪ್ಟೆಂಬರ್ 30ರ ಆಸುಪಾಸಿನಲ್ಲಿ ದಾವಣಗೆರೆ, ಹರಿಹರದ ಶಾಲೆಗಳಲ್ಲಿ ಮಾಲ್ಗುಡಿಯ ಒಂದು ಕಂತನ್ನು ಮಕ್ಕಳಿಗೆ ತೋರಿಸಲಿ. ಇದಕ್ಕೆ ಸರಕಾರದ ಸುತ್ತೋಲೆ ಬೇಡ, ಮನಸ್ಸಿರುವ ಒಬ್ಬ ಉಪಾಧ್ಯಾಯರು ಸಾಕು. ಕಥೆ ಮುಗಿದೊಡನೆ ಟಿ.ವಿ. ಆರಿಸಬಾರದು. ಕೊನೆಯ ಹೆಸರಿನವರೆಗೂ ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಲಿ. ಬಳಿಕ ಮಕ್ಕಳು ತಮ್ಮ ಶಾಲೆಯ ಕೆಲಸದವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಲಿ. ಬಿಸಿಯೂಟ ಬಡಿಸುವವರು, ಕಸ ಗುಡಿಸುವವರು, ಗಂಟೆ ಬಾರಿಸುವವರು. ಎಷ್ಟು ಹೆಸರು ತಮಗೆ ಗೊತ್ತಿಲ್ಲ ಎಂಬುದು ಅವರಿಗೇ ತಿಳಿಯುತ್ತದೆ. ಮೇಷ್ಟರಿಗೂ ತಿಳಿಯುತ್ತದೆ.

ಕಳೆದ ಬಾರಿ ಬೆಂಗಳೂರಿನಿಂದ ಹಿಂತಿರುಗುವಾಗ ಬಸ್ಸು ಆನಗೋಡನ್ನು ದಾಟಿತು. ಪಕ್ಕದಲ್ಲಿದ್ದ ಮೊಮ್ಮಗ, “ಅಜ್ಜ, ಯಾಕೆ ಸುಮ್ಮನಾದೆ?” ಎಂದ. ಶಂಕರ್ ನಾಗ್ ಅವರಿಂದ ಆರಂಭಿಸಿ ನಾರಾಯಣ್, ಲಕ್ಷ್ಮಣ್, ವೈದ್ಯನಾಥನ್, ರಾಮಚಂದ್ರ, ವೈಶಾಲಿ, ಕಾರ್ನಾಡ್, ವಿಷ್ಣುವರ್ಧನ್ ಎಂದು ಒಂದೊಂದೇ ಹೆಸರು ಹೇಳಿದೆ. ದಾವಣಗೆರೆ ಬರುವಷ್ಟರಲ್ಲಿ ಆ ಜವಾನರ ಹೆಸರನ್ನೂ ಹೇಳಿದೆ. “ಅವರು ಯಾವ ಪಾತ್ರ ಮಾಡಿದ್ರು ಅಜ್ಜ?” ಎಂದು ಕೇಳಿದ.

“ಗಂಟೆ ಬಾರಿಸ್ತಿದ್ರು” ಎಂದೆ.