ಹಾಯಿದೋಣಿಗೆ ಅಪ್ಪಣೆ, ಕಾಲ್ನಡಿಗೆಗೆ ತಡೆ



2020ನೆಯ ಇಸವಿಯ ಏಪ್ರಿಲ್ 18, ಶನಿವಾರ. ಅಂದು ಅಮೇರಿಕದ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ಗವರ್ನರುಗಳು ಕೂಡಿ ಒಂದು ಪ್ರಕಟಣೆ ಹೊರಡಿಸಿದರು. ಬೇಸಿಗೆ ಹತ್ತಿರ ಬಂದಿದೆ, ಆದ್ದರಿಂದ ದೋಣಿ ಕಟ್ಟುವ ಧಕ್ಕೆಗಳನ್ನೂ ದೋಣಿ ದುರಸ್ತಿಯ ಅಂಗಳಗಳನ್ನೂ ತೆರೆಯಬಹುದು ಎಂದು. ಆ ಹೊತ್ತಿಗೆ ನ್ಯೂಯಾರ್ಕ್ ರಾಜ್ಯವೊಂದರಲ್ಲೇ ಕೊರೋನಾ ರೋಗದಿಂದ ದಿನಕ್ಕೆ ಐದು ನೂರಕ್ಕೂ ಮಿಕ್ಕಿ ಜನ ಸಾಯುತ್ತಿದ್ದರು.

ಕಂದಲಗಾಂವದಲ್ಲಿ ಕುಳಿತ ನಮಗೆ ಈ ಹಾಯಿದೋಣಿಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾವು ಕಂಡ ದೋಣಿ ಭೀಮಾ ನದಿಯ ಮೀನುಗಾರರದು. ಮುಂಬಯಿಯ ಗೇಟ್‌ವೇ ಎದುರಿಗೆ 1846ರಲ್ಲಿ ಹುಟ್ಟಿದ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನ ಕಟ್ಟಡವಿದೆ. ಅದನ್ನು ನಮ್ಮವರು ನೋಡಿದ್ದರೆ ರಸ್ತೆಯಿಂದಲೇ ನೋಡಿರಬೇಕು. ಆದರೆ ಆ ಪ್ರಕಟಣೆಯ ಒಂದು ಮಾತು ನಮ್ಮನ್ನು ಬಿಡದೆ ಕಾಡಿತು. ಸ್ವಂತ ಬಳಕೆಯ ದೋಣಿ ನೀರಿಗಿಳಿಯಬಹುದು, ಬಾಡಿಗೆಯ ದೋಣಿ ಇಳಿಯಕೂಡದು. ಅಂದರೆ ದೋಣಿ ಇದ್ದವನಿಗೆ ಬೇಸಿಗೆ ಬಂತು. ರವಿವಾರದ ದಿನ ನಾಲ್ಕು ಕಾಸು ಕೊಟ್ಟು ಹೆಂಡಿರು ಮಕ್ಕಳನ್ನು ನೀರಿನ ಮೇಲೆ ತಿರುಗಿಸಿ ತರುವ ದುಡಿಮೆಗಾರನಿಗೆ ಬರಲಿಲ್ಲ.

ನಾವು ಅನ್ಯಾಯವಾಗಿ ಮಾತಾಡಬಾರದು. ಬಯಲಿನಲ್ಲಿ, ಬೀಸುವ ಗಾಳಿಯಲ್ಲಿ ಈ ರೋಗ ಅಂಟುವುದು ಕಡಿಮೆ ಎಂಬುದು ಮುಂದೆ ಚೆನ್ನಾಗಿಯೇ ತಿಳಿದುಬಂತು. ಒಂದೇ ಮನೆಯ ನಾಲ್ವರು ತಮ್ಮದೇ ದೋಣಿಯಲ್ಲಿ ಹೋದರೆ ಯಾರಿಗೂ ಕೇಡಿಲ್ಲ. ಬಾಡಿಗೆಯ ದೋಣಿಗೆ ಹತ್ತು ಮನೆಯವರು ಹತ್ತುತ್ತಾರೆ ಎಂಬುದೂ ನಿಜ. ಆದ್ದರಿಂದ ದೋಣಿಗಳನ್ನು ಬಿಟ್ಟದ್ದು ತಪ್ಪೆಂದು ನಾವು ಹೇಳುವುದಿಲ್ಲ. ಇಷ್ಟು ನಯವಾಗಿ, ಇಷ್ಟು ವಿಚಾರ ಮಾಡಿ, ಇದು ಸೈ ಇದು ಬೇಡ ಎಂದು ಬಿಡಿಸಿ ನೋಡುವ ಬುದ್ಧಿ ಸರಕಾರಗಳಿಗೆ ಇತ್ತಲ್ಲ, ಅದು ಯಾರ ವಿಷಯದಲ್ಲಿ ಓಡಿತು, ಯಾರ ವಿಷಯದಲ್ಲಿ ಓಡಲಿಲ್ಲ, ನಾವು ಕೇಳುವುದು ಅದನ್ನೇ.

ಅದೇ ಏಪ್ರಿಲ್ 18ರಂದು ನಮ್ಮ ದೇಶದಲ್ಲಿ ಹನ್ನೆರಡು ವರ್ಷದ ಒಬ್ಬ ಬಾಲಕಿ ದಾರಿಯಲ್ಲಿ ಸತ್ತಳು. ತೆಲಂಗಾಣದ ಮುಲುಗು ಜಿಲ್ಲೆಯಲ್ಲಿ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿದ್ದವಳು. ಏಪ್ರಿಲ್ 14ಕ್ಕೆ ಮುಗಿಯುತ್ತದೆ ಎಂದಿದ್ದ ಲಾಕ್‌ಡೌನ್ ಮೇ 3ಕ್ಕೆ ಹೋಯಿತು. ಮರುದಿನವೇ ಅವಳ ಜತೆಯವರು ಊರ ಕಡೆ ನಡೆಯಲು ತೊಡಗಿದರು. ಹೆದ್ದಾರಿ ಬಿಟ್ಟು ಕಾಡು ಹಿಡಿದು ಸುಮಾರು ನೂರು ಕಿಲೋಮೀಟರು ನಡೆದ ಮೇಲೆ, ಊರು ಹತ್ತಿರ ಬಂದಾಗ ಅವಳು ಬಿದ್ದಳು. ಊರು ಬಿಜಾಪುರ ಜಿಲ್ಲೆಯದು. (ಛತ್ತೀಸಗಢದ ಬಿಜಾಪುರ, ಭೀಮೆಯಾಚೆಯ ನಮ್ಮ ವಿಜಾಪುರವಲ್ಲ. ಪತ್ರಿಕೆಯಲ್ಲಿ ಆ ಹೆಸರನ್ನು ಓದಿ ನಮ್ಮಲ್ಲಿ ಕೆಲವರ ಎದೆ ಝಲ್ಲೆಂದಿತ್ತು.) ಪರೀಕ್ಷೆ ಮಾಡಿದಾಗ ಅವಳಿಗೆ ಕೊರೋನಾ ಇರಲಿಲ್ಲ. ಅವಳು ನಡೆದದ್ದೂ ಬಯಲಿನಲ್ಲಿಯೇ, ಬೀಸುವ ಗಾಳಿಯಲ್ಲಿಯೇ.

ಇನ್ನು ನಮ್ಮ ಮಹಾರಾಷ್ಟ್ರ. ಕಬ್ಬಿನ ಹಂಗಾಮು ಇನ್ನೂ ಮುಗಿದಿರಲಿಲ್ಲ. ಸಕ್ಕರೆ ಕಾರಖಾನೆ ಅವಶ್ಯಕ ಎನಿಸಿಕೊಂಡಿತು. ಆದುದರಿಂದ ಕಬ್ಬು ಕಡಿಯುವವರು, ಮನೆಯಲ್ಲೇ ಇರಿ ಎಂದು ಊರೆಲ್ಲ ಡಂಗುರ ಸಾರುತ್ತಿದ್ದಾಗ, ಕೊಯ್ತ ಹಿಡಿದು ಹೊಲದಲ್ಲಿದ್ದರು. ಕೆಲಸ ಮುಗಿದವರಿಗೆ ಮಾತ್ರ ಮನೆಗೆ ಹೋಗುವ ದಾರಿ ಇರಲಿಲ್ಲ. ಬೀಡ, ಅಹಮದನಗರ ಕಡೆಯ ಈ ಜನ, ಲಕ್ಷಕ್ಕೂ ಮೇಲ್ಪಟ್ಟು, ಕಾರಖಾನೆಗಳ ಹತ್ತಿರ ಗುಡಿಸಲು ಡೇರೆಗಳಲ್ಲಿ ಕಾದರು. ಆರೋಗ್ಯ ತಪಾಸಣೆ ಮಾಡಿ ಊರಿಗೆ ಕಳಿಸಬಹುದು ಎಂಬ ಅಪ್ಪಣೆ ಹೊರಟದ್ದು ಏಪ್ರಿಲ್ 17ರಂದು. ದುಡಿಯುವಾಗ ಅವಶ್ಯಕರು, ದುಡಿದಾದ ಮೇಲೆ ರೋಗ ಹರಡುವವರು! ಒಬ್ಬನೇ ಮನುಷ್ಯ ಒಂದೇ ವಾರದಲ್ಲಿ ಎರಡೂ ಹೇಗಾದ ಎಂಬುದು ನಮಗೆ ಇಂದಿಗೂ ತಿಳಿದಿಲ್ಲ.

ಕರ್ನಾಟಕದಲ್ಲಿ ನಡೆದದ್ದು ಇದಕ್ಕಿಂತ ಸ್ಪಷ್ಟ. ಮೇ 4ರಂದು ಅಲ್ಲಿ ಸಾರಾಯಿ ಅಂಗಡಿಗಳ ಬಾಗಿಲು ತೆಗೆದರು. ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿಯ ವ್ಯಾಪಾರವಾಯಿತು. ಆ ಎರಡನೆಯ ದಿನವೇ ಮುಖ್ಯಮಂತ್ರಿಗಳು ಕಟ್ಟಡ ಕಟ್ಟಿಸುವ ಉದ್ಯಮಿಗಳೊಂದಿಗೆ ಸಭೆ ನಡೆಸಿದರು. ಸಭೆಯ ಬೆನ್ನಿಗೇ, ಬಿಹಾರ ಉತ್ತರಪ್ರದೇಶದ ಕೂಲಿಕಾರರನ್ನು ಊರಿಗೊಯ್ಯುವ ಶ್ರಮಿಕ ರೈಲುಗಳು ಬೇಡವೆಂದು ರೈಲ್ವೆಯವರಿಗೆ ಪತ್ರ ಹೋಯಿತು. ಕೂಲಿಕಾರರು ಹೋದರೆ ಕಟ್ಟಡ ನಿಂತುಹೋಗುತ್ತದಲ್ಲ! ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡು ಮೂರು ದಿನಗಳಲ್ಲಿ ರೈಲುಗಳಿಗೆ ಮತ್ತೆ ಒಪ್ಪಿಗೆ ಸಿಕ್ಕಿತು. ಆ ಸಭೆಯಲ್ಲಿ ಒಬ್ಬನಾದರೂ ಗೌಂಡಿ, ಒಬ್ಬಳಾದರೂ ಬುಟ್ಟಿ ಹೊರುವ ಹೆಂಗಸು ಕುಳಿತಿದ್ದರೆ ಆ ಪತ್ರ ಬರೆಯುವ ಕೈ ಸ್ವಲ್ಪವಾದರೂ ತಡೆಯುತ್ತಿತ್ತು.

ಅದೇ ತಿಂಗಳ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯವರೆಗೂ ತಡೆಯಿತು. ಇಂಡಿಯಲ್ಲಿ ಮಗಳನ್ನು ಕೊಟ್ಟವರಿಗೆ, ವಿಜಾಪುರದಲ್ಲಿ ಅಣ್ಣತಮ್ಮಂದಿರಿರುವ ನಮ್ಮಂಥ ಗಡಿಯ ಜನರಿಗೆ ಭೀಮೆ ಒಮ್ಮೆಲೇ ಸಮುದ್ರದಷ್ಟು ಅಗಲವಾಯಿತು.

ಸೊಲ್ಲಾಪುರದ ಬೀಡಿ ಕಟ್ಟುವ ತಾಯಂದಿರ ಮಾತನ್ನು ಇಲ್ಲಿ ಹೇಳಲೇಬೇಕು. ಹತ್ತಾರು ಸಾವಿರ ಹೆಂಗಸರು ಈ ಕೆಲಸದಲ್ಲಿದ್ದಾರೆ. ಬೀಡಿ ದೇಹಕ್ಕೆ ಒಳ್ಳೆಯದಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ, ಆ ಪ್ರಶ್ನೆ ಬೇರೆ. ಇವರು ದುಡಿಯುವುದು ತಮ್ಮ ಮನೆಯ ಹೊಸ್ತಿಲೊಳಗೆ. ಎಲೆ ತಂಬಾಕು ತಂದುಕೊಟ್ಟರೆ ಮನೆ ಬಿಟ್ಟು ಹೊರಡಬೇಕಾಗಿಯೇ ಇಲ್ಲ. ಆದರೆ ಕಾರಖಾನೆಗಳು ಮುಚ್ಚಿದವು, ಎಲೆ ನಿಂತಿತು, ಎಲೆಯ ಜತೆ ಕೂಲಿಯೂ ನಿಂತಿತು. ಇವರ ಕೂಲಿ ಸಾವಿರ ಬೀಡಿಯ ಲೆಕ್ಕದ್ದು. ಕಟ್ಟದ ಬೀಡಿಗೆ ಲೆಕ್ಕವಿಲ್ಲ. ಮುಚ್ಚಿದ ದಿನಗಳಿಗೂ ಕೆಲಸಗಾರರಿಗೆ ಪೂರ್ತಿ ಪಗಾರ ಕೊಡಬೇಕೆಂದು ಕೇಂದ್ರ ಸರಕಾರ ಮಾರ್ಚ್ 29ರಂದು ಆಜ್ಞೆ ಮಾಡಿತ್ತು. ಮಾಲೀಕರು ಕೋರ್ಟಿಗೆ ಹೋದರು. ಮೇ 18ರಿಂದ ಸರಕಾರವೇ ಆಜ್ಞೆಯನ್ನು ಹಿಂದೆಗೆಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಪಗಾರ ಕೊಡದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕುಳಿತು ಮಾತಾಡಿಕೊಳ್ಳಿ ಎಂದಿತು. ಸಂಘಟನೆ ಇದ್ದಲ್ಲಿ ಮಾತಾಡಬಹುದು. ಒಬ್ಬಳೇ ಹೆಂಗಸು, ಒಂದು ಮೊರ, ಒಂದು ಕತ್ತರಿ. ಅವಳು ಯಾರ ಮುಂದೆ ಕುಳಿತು ಮಾತಾಡಬೇಕು?

ಕ್ಲಬ್ಬು ಹೋಟೆಲುಗಳು ತೆರೆದಾಗಲೂ ನಾವು ಮರೆಯಬಾರದ ಒಂದು ಸಂಗತಿ ಇದೆ. ಕ್ಲಬ್ಬೆಂದರೆ ಸದಸ್ಯರಷ್ಟೇ ಅಲ್ಲ. ಅಡಿಗೆಯವನು, ತಟ್ಟೆ ತೊಳೆಯುವವನು, ಕಾವಲುಗಾರ, ಹಗ್ಗ ಎಳೆಯುವ ಖಲಾಸಿ ಕೂಡ. ಮಹಾರಾಷ್ಟ್ರದಲ್ಲಿ ಹೋಟೆಲು, ಬಾರುಗಳು 2020ರ ಅಕ್ಟೋಬರ್ 5ರಂದು ತೆರೆದವು. ಮುಂಬಯಿಯ ಲೋಕಲ್ ರೈಲು ಎಲ್ಲರಿಗೂ ಸಿಕ್ಕಿದ್ದು 2021ರ ಫೆಬ್ರವರಿ 1ರಂದು, ಅದೂ ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ. ಕಾರಿನಲ್ಲಿ ಬಂದು ಉಣ್ಣುವವನಿಗೆ ಬಾಗಿಲು ತೆರೆದು ನಾಲ್ಕು ತಿಂಗಳಾದ ಮೇಲೆ, ಬಡಿಸುವವನಿಗೆ ರೈಲು! ಈ ನಡುವೆ ಗುಡಿ, ಮಸೀದಿ, ನಮ್ಮ ದೇವಾಲಯಗಳು ನವೆಂಬರ್ 16ರವರೆಗೂ ಮುಚ್ಚಿಯೇ ಇದ್ದವು. ಅದಕ್ಕಾಗಿ ನಮ್ಮ ದೂರಿಲ್ಲ. ಆ ವರ್ಷದ ಈಸ್ಟರ್ ಹಬ್ಬವನ್ನು ನಮ್ಮ ಜನ ಮನೆಯೊಳಗೇ ಆಚರಿಸಿದರು, ಪಂಢರಪುರದ ಪಾಲಖಿಗಳು ಬಸ್ಸಿನಲ್ಲಿ ಬಂದವು. ಪ್ರಾರ್ಥನೆ ಮನೆಯಲ್ಲಿಯೂ ನಡೆಯುತ್ತದೆ, ಒಲೆಗೆ ಮಾತ್ರ ದಿನಗೂಲಿಯೇ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಹಳೆಯ ಗಾಯ ಕೆರೆಯುವುದೇಕೆ ಎನ್ನುವವರಿದ್ದಾರೆ. ಸೊಲ್ಲಾಪುರದ ಹಿರಿಯರು ಪ್ಲೇಗನ್ನೂ 1918ರ ಜ್ವರವನ್ನೂ ಕಂಡವರ ಮಕ್ಕಳು. ಪಿಡುಗು ಒಮ್ಮೆ ಬಂದು ಹೋದ ಮೇಲೆ ಮತ್ತೆ ಬಾರದು ಎಂದು ಅವರಾರೂ ಹೇಳಿಲ್ಲ. ಆದ್ದರಿಂದ ನಮ್ಮ ಬೇಡಿಕೆಯನ್ನು ಈಗಲೇ ಮುಂದಿಡುತ್ತೇವೆ. ಏನು ಮುಚ್ಚಬೇಕು, ಏನು ತೆರೆಯಬೇಕು ಎಂದು ಜಿಲ್ಲೆಯ ಅಧಿಕಾರಿಗಳು ಕುಳಿತು ನಿರ್ಧರಿಸುವಾಗ ವ್ಯಾಪಾರಿ ಸಂಘದವರ ಜತೆಗೆ ಬೀಡಿ, ಮಗ್ಗ, ಕಬ್ಬು, ಕಟ್ಟಡದ ದುಡಿಮೆಗಾರರನ್ನೂ ಕರೆಯಬೇಕು. ಕೆಲಸಕ್ಕೆ ಬಾ ಎಂದವರು ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ಒದಗಿಸಬೇಕು. ಮನೆಯಲ್ಲಿ ದುಡಿಯುವವರಿಗೆ ಹಿಂದಿನ ತಿಂಗಳುಗಳ ಸರಾಸರಿ ನೋಡಿ ಮುಚ್ಚಿದ ದಿನಗಳ ಕೂಲಿ ಗೊತ್ತುಮಾಡಬೇಕು.

ಸರಾಸರಿ ನೋಡಬೇಕಾದರೆ ಬರೆದಿಟ್ಟ ಲೆಕ್ಕ ಬೇಕು. ಆದುದರಿಂದ ಬೀಡಿ ಕಟ್ಟುವ ಸಹೋದರಿಯರು ತಮ್ಮ ಗುರುತಿನ ಕಾರ್ಡು, ಕೊಟ್ಟ ಬೀಡಿಯ ಲೆಕ್ಕದ ಪುಸ್ತಕ ಇವುಗಳನ್ನು ಕಳೆಯದಂತೆ ಇಟ್ಟುಕೊಳ್ಳಬೇಕು. ಪ್ರತಿ ವಾರ ಕಾರಖಾನೆಯವರಿಂದ ಬರೆಸಿಕೊಳ್ಳಬೇಕು. ಅಸಂಘಟಿತ ಕೂಲಿಕಾರರ ದಾಖಲೆಗಾಗಿ 2021ರ ಆಗಸ್ಟ್ 26ರಂದು ಸುರುವಾದ ಇ-ಶ್ರಮ ನೋಂದಣಿಯನ್ನು ಇನ್ನೂ ಮಾಡಿಸದವರು ಆಧಾರ ಕಾರ್ಡು, ಬ್ಯಾಂಕಿನ ಪುಸ್ತಕ ತೆಗೆದುಕೊಂಡು ಹತ್ತಿರದ ಸೇವಾ ಕೇಂದ್ರಕ್ಕೆ ಹೋಗಬೇಕು. ಕಬ್ಬಿಗೆ ಹೋಗುವವರು ಹಂಗಾಮು ಸುರುವಾಗುವ ಮುಂಚೆಯೇ ಈ ಕೆಲಸ ಮುಗಿಸಿದರೆ ಒಳ್ಳೆಯದು.