ಆ ಏಳು ನಿಮಿಷಗಳು

ಆಪತ್ತು ಬಂದಾಗ ನಾಯಕರು ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯ ಚರ್ಚಾಸ್ಪರ್ಧೆಗೆ ಬಂದರೆ ಸಾಕು, ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರ ಹೆಸರು ಬಂದೇ ಬರುತ್ತದೆ. ಜೊತೆಗೆ ಒಂದಿಷ್ಟು ನಗೆಯೂ.

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಬುಷ್ ಫ್ಲಾರಿಡಾದ ಸಾರಸೋಟದ ಪ್ರಾಥಮಿಕ ಶಾಲೆಯೊಂದರಲ್ಲಿದ್ದರು. ಎರಡನೇ ತರಗತಿಯ ಮಕ್ಕಳು ಅವರೆದುರು ಪಾಠ ಓದುತ್ತಿದ್ದರು. 9 ಗಂಟೆ 5 ನಿಮಿಷದ ಸುಮಾರಿಗೆ ಸಹಾಯಕ ಆಂಡ್ರ್ಯೂ ಕಾರ್ಡ್ ಒಳಗೆ ಬಂದು, ಎರಡನೇ ಗೋಪುರಕ್ಕೂ ವಿಮಾನ ಅಪ್ಪಳಿಸಿದೆ, ದೇಶದ ಮೇಲೆ ದಾಳಿ ನಡೆದಿದೆ ಎಂದು ಕಿವಿಯಲ್ಲಿ ಹೇಳಿದರು. ಬುಷ್ ಏಳಲಿಲ್ಲ. ಐದರಿಂದ ಏಳು ನಿಮಿಷ ಅಲ್ಲೇ ಕುಳಿತಿದ್ದರು. 2004ರಲ್ಲಿ ಮೈಕೆಲ್ ಮೂರ್ ತಮ್ಮ ಸಾಕ್ಷ್ಯಚಿತ್ರದಲ್ಲಿ ಆ ದೃಶ್ಯವನ್ನು ತೋರಿಸಿ ಜಗತ್ತೇ ಆಡಿಕೊಳ್ಳುವಂತೆ ಮಾಡಿದರು.

ತರಗತಿಯಲ್ಲಿ ದಿನವೂ ನಿಲ್ಲುವ ನಮಗೆ ಅಷ್ಟು ಸುಲಭವಾಗಿ ನಗು ಬರುವುದಿಲ್ಲ. ದೊಡ್ಡವರು ದಡಬಡನೆ ಎದ್ದು ಓಡಿದರೆ ಏಳು ವರ್ಷದ ಮಗುವಿಗೆ ಏನನ್ನಿಸುತ್ತದೆ ಎಂಬುದು ನಮಗೆ ಗೊತ್ತು. ಶಾಂತವಾಗಿ ಕಾಣಿಸಿಕೊಳ್ಳಬೇಕೆಂದೇ ಕುಳಿತಿದ್ದೆ ಎಂದು ಬುಷ್ ತನಿಖಾ ಆಯೋಗಕ್ಕೆ ಹೇಳಿದರು. ಒಪ್ಪಬಹುದಾದ ಮಾತೇ. ಆದರೆ ಅಧ್ಯಕ್ಷರು ಎಲ್ಲಿದ್ದಾರೆಂಬುದು ಊರಿಗೆಲ್ಲ ತಿಳಿದಿದ್ದಾಗ ಅವರು ಅಲ್ಲೇ ಉಳಿದದ್ದು ಆ ಮಕ್ಕಳಿಗೇ ಅಪಾಯವಾಗಬಹುದಿತ್ತಲ್ಲ? ಈ ಪ್ರಶ್ನೆಯನ್ನು ಯಾವ ಪೋಷಕರೂ ಕೇಳಿಯಾರು.

ಇನ್ನೊಂದು ಸಂಗತಿಯನ್ನು ಚರ್ಚಾಪಟುಗಳು ಎತ್ತುವುದೇ ಇಲ್ಲ. ತರಗತಿಯಿಂದ ಹೊರಬಂದ ಮೇಲೆ 9.30ರವರೆಗೆ ಅಧ್ಯಕ್ಷರು ಮುಖ್ಯವಾಗಿ ತಮ್ಮ ಹೇಳಿಕೆಯ ಬಗ್ಗೆ ಸಲಹೆಗಾರರೊಡನೆ ಸಮಾಲೋಚಿಸುತ್ತಿದ್ದರು. ಆಯೋಗಕ್ಕೆ ತಿಳಿದುಬಂದಂತೆ ಆ ಹೊತ್ತಿನಲ್ಲಿ ಅವರ ಜೊತೆಗಿದ್ದವರಾರೂ ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್‌ನ ಸಂಪರ್ಕದಲ್ಲಿರಲಿಲ್ಲ. 9.37ಕ್ಕೆ ಮೂರನೇ ವಿಮಾನ ಬಡಿದದ್ದು ಆ ಪೆಂಟಗನ್‌ಗೇ. ನಮ್ಮ ದೃಷ್ಟಿಯಲ್ಲಿ ತಪ್ಪು ಹುಡುಕಬೇಕಾದದ್ದು ಇಲ್ಲಿ. ಕುರ್ಚಿಯಲ್ಲಿ ಕುಳಿತ ಭಂಗಿಯಲ್ಲಲ್ಲ. ಇದು ಕ್ಯಾಮೆರಾಗೆ ಸಿಗಲಿಲ್ಲ, ಹಾಗಾಗಿ ಯಾರೂ ನಗಲಿಲ್ಲ.

ಅದೇ ವಾರ ಅರಿಜೋನಾದಲ್ಲಿ, ಪೇಟ ಕಟ್ಟಿದ್ದ ಒಬ್ಬ ಭಾರತೀಯ ಸಿಖ್ಖರನ್ನು ಅರಬ್ಬರೆಂದು ತಪ್ಪು ತಿಳಿದು ಗುಂಡಿಟ್ಟು ಕೊಂದರು. ಪರದೇಶದಲ್ಲಿ ಬದುಕುವ ನಮಗೆ ಈ ಸಾವು ದೂರದ್ದಲ್ಲ. ಸೆಪ್ಟೆಂಬರ್ 17ರಂದು ಬುಷ್ ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಹೋಗಿ, ಮುಸ್ಲಿಮರನ್ನು ಗೌರವದಿಂದ ಕಾಣಬೇಕೆಂದು ದೇಶಕ್ಕೆ ಹೇಳಿದರು. ಅವರನ್ನು ಮೆಚ್ಚದವರೂ ಇದನ್ನು ಮೆಚ್ಚಲೇಬೇಕು.

ಆದರೆ ಅದೇ ಬುಷ್ 2003ರ ಮಾರ್ಚ್‌ನಲ್ಲಿ ಇರಾಕಿನ ಮೇಲೆ ಯುದ್ಧ ಸಾರಿದರು. ಕಾರಣವೆಂದು ತೋರಿಸಿದ ಮಹಾವಿನಾಶಕ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಆ ನಿರ್ಧಾರಕ್ಕೆ ಅವರಿಗೆ ಇದ್ದದ್ದು ಏಳು ನಿಮಿಷವಲ್ಲ, ತಿಂಗಳುಗಟ್ಟಲೆ ಸಮಯ.